ಭಾವನ ಕಾರಿನ ಕಮಾನು

ರಾಜಾಜಿನಗರದಲ್ಲಿ ನಮ್ಮ ಭಾವನ ಮುಖ ನೋಡಿದವರಿಗಿಂತ ಪಾದ ನೋಡಿದವರೇ ಹೆಚ್ಚು! ಅವರೇನು ಸ್ವಾಮಿಗಳಲ್ಲ. ನನ್ನ ಅಕ್ಕನ ಗಂಡ, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಸ್ಕೂಲು ಬಿಟ್ಟರೆ ಮನೆಯ ಮುಂದಿನ ಹಳೇ ಕಾರಿನಡಿ ಅಂಗಾತ ಮಲಗಿರುತ್ತಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಅಂಚೆಯವನು ಒಮ್ಮೆ ಕಾಗದವನ್ನು ಕಾಲ್ಬೆರಳ ಸಂದಿಗೇ ಸಿಕ್ಕಿಸಿ ಹೋಗಿದ್ದ. ನಮಸ್ಕಾರಕ್ಕೆ ಬಂದ ಹೊಸ ಮದುಮಕ್ಕಳು ಸಿದ್ಧವಾಗಿ ಸಿಕ್ಕ ಪಾದಗಳಿಗೆ ಅಲ್ಲೇ ಅಡ್ಡಬಿದ್ದರು. "ದೀರ್ಘ ಸುಮಂಗಲೀ ಭವ. ಆ ಸ್ಪ್ಯಾನರ್ ಸ್ವಲ್ಪ ಈಕಡೆ ತಳ್ಳಮ್ಮಾ" ಎಂದು ಕಾರಿನಡಿಯಿಂದ ಆಶೀರ್ವಾದ ಬಂತು.

ಮೇಷ್ಟ್ರಿಗೆ ಯಾಕೆ ಕಾರು ಎಂದು ನಕ್ಕವರಿಗೆ ಲೆಕ್ಕವಿಲ್ಲ. ಕಾರಣ ಒಳಗೆ ಕಿಟಕಿಯ ಪಕ್ಕದ ಮಂಚದಲ್ಲಿತ್ತು. ಅಕ್ಕನಿಗೆ ಬೆನ್ನುಮೂಳೆಯ ಕ್ಷಯ. ಅವಳನ್ನು ನೋಡಿಕೊಳ್ಳಲೆಂದೇ ನಾನು ಆ ಮನೆಗೆ ಬಂದಿದ್ದೆ. ವಾರವಾರ ಪೇಟೆಯ ಆಸ್ಪತ್ರೆಗೆ ಹೋಗಬೇಕು. "ಅಲುಗಾಡಿಸದೆ ಕರ್ಕೊಂಡು ಬನ್ನಿ" ಎಂದರು ಡಾಕ್ಟರು. ಹೇಳುವುದಕ್ಕೇನು! ನಮ್ಮ ಬಡಾವಣೆಯಲ್ಲಿ ಆಗ ಮನುಷ್ಯರಿಗಿಂತ ಮೊದಲು ಗುಂಡಿಗಳಿಗೆ ಸೈಟು ಸಿಕ್ಕಿತ್ತು. ಅದನ್ನೆಲ್ಲ ದಾಟಿದರೆ ಮಾಗಡಿ ರಸ್ತೆಯ ರೈಲ್ವೆ ಗೇಟು. ಜಟಕಾದ ಚಕ್ರ ಹಳಿ ಹತ್ತಿ ಇಳಿದಾಗ ಅಕ್ಕ ಕೂಗಿದ ಕೂಗಿಗೆ ಕುದುರೆಯೇ ಬೆಚ್ಚಿ ನಿಂತಿತ್ತು. ಆ ವಾರವೇ ಭಾವ ಕಾರು ತಂದರು.

ಯಾವನೋ ಬಿಳಿ ಸಾಹೇಬ ದೇಶ ಬಿಡುವಾಗ ಬಿಟ್ಟುಹೋದ ಕಾರು. ಜಾಣ ಅವನು! ಅದರ ಕಮಾನುಗಳು ಮುರಿದಿದ್ದವು. ಜಟಕಾಕ್ಕೂ ಇರುತ್ತವಲ್ಲ, ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು, ಅವೇ. "ಹೊಸದು ವಿಲಾಯತಿಯಿಂದ ಹಡಗಲ್ಲಿ ಬರ್ಬೇಕು ಸಾರ್" ಎಂದ ಗ್ಯಾರೇಜಿನವನು. "ಹಡಗು ಬರೋವರ್ಗೂ ಇವಳ ಬೆನ್ನು ಕಾಯುತ್ತೇನಯ್ಯಾ?" ಎಂದು ಭಾವ ತಾವೇ ಕಾರಿನಡಿ ನುಗ್ಗಿದರು.

ಲೆಕ್ಕದ ಮೇಷ್ಟ್ರಲ್ಲವೇ? ಪಟ್ಟಿ ಹೆಚ್ಚಾದಷ್ಟೂ ಕುಲುಕಾಟ ಕಡಿಮೆ ಎಂದು ಲೆಕ್ಕ ಹಾಕಿ, ಗುಜರಿಯಿಂದ ಲಾರಿಯ ದಪ್ಪ ಪಟ್ಟಿಗಳನ್ನು ತಂದು ಬಿಗಿದರು. ಪರೀಕ್ಷೆಗೆ, ಹಿಂದಿನ ಸೀಟಿನಲ್ಲಿ ಅಕ್ಕ ಕೂರುವ ಜಾಗದಲ್ಲಿ ಒಂದು ಪಾತ್ರೆ ತುಂಬ ಸಾರು!

"ನೀರಿಟ್ರೆ ಆಗಲ್ವಾ ಭಾವ?" ಎಂದೆ.

"ನೀರು ಒಣಗಿಹೋಗತ್ತೆ ಕಣಮ್ಮ. ಸಾರಾದ್ರೆ ಎಲ್ಲೀವರೆಗೆ ಹಾರಿದೆ ಅಂತ ಕಲೆ ನೋಡಿ ಹೇಳ್ಬೋದು."

ಕಲೆ ನೋಡುವ ಅಗತ್ಯವೇ ಬೀಳಲಿಲ್ಲ. ಗೇಟು ದಾಟಿ ಬಂದಾಗ ಪಾತ್ರೆ ಖಾಲಿ, ಭಾವನ ನೆತ್ತಿಯ ಮೇಲೆ ಕರಿಬೇವು. ಕಿಟಕಿಯಿಂದ ಅಕ್ಕ ನೋಡಿ, "ಬಗ್ಗಬೇಕಾದ್ದನ್ನ ಬಿಗಿ ಮಾಡಿದೀರಲ್ರೀ!" ಎಂದು ನಕ್ಕಳು. ನಕ್ಕರೂ ಬೆನ್ನು ನೋಯುತ್ತಿತ್ತು. ನಗುತ್ತಲೇ ಅತ್ತಳು.

ಲಾರಿಯ ಪಟ್ಟಿ ಇಳಿಯಿತು, ಜಟಕಾದ ತೆಳು ಪಟ್ಟಿ ಏರಿತು. ಒಂದಕ್ಕೊಂದು ಉಜ್ಜದಿರಲೆಂದು ನಡುವೆ ಹರಳೆಣ್ಣೆ.

"ನನ್ನ ತಲೆಗಿಲ್ಲದ ಎಣ್ಣೆ ಕಾರಿಗಾ?" ಎಂದಳು ಅಕ್ಕ.

"ನಿನ್ನ ತಲೆ ಕಿರ್ ಅನ್ನಲ್ವಲ್ಲೇ!" ಎಂದರು ಭಾವ.

ಅಂದೇ ಕಾರನ್ನು ಎತ್ತಿ ನಿಲ್ಲಿಸಿದ್ದ ಜಾಕು ಜಾರಿತು. ಕೂಗೇನೂ ಕೇಳಲಿಲ್ಲ, ಪಾದಗಳು ಮಾತ್ರ ಒಮ್ಮೆ ಸೆಟೆದುಕೊಂಡವು. ಓಡಿಹೋದೆ. ಹೊರಗೆ ತೆವಳಿ ಬಂದ ಭಾವನ ಎಡಗೈ ಕಿರುಬೆರಳು ಜಜ್ಜಿಹೋಗಿತ್ತು. ಗ್ರೀಸಿನ ಬಟ್ಟೆಯನ್ನೇ ಸುತ್ತಿಕೊಂಡು, "ನಿಮ್ಮಕ್ಕಂಗೆ ಹೇಳ್ಬೇಡ" ಎಂದರು. ಆ ಬೆರಳು ಮತ್ತೆ ಮಡಿಸಲು ಬರಲಿಲ್ಲ. ಬಗ್ಗುವುದೆಲ್ಲ ಕಾರಿನ ಪಾಲಾಯಿತು!

ಆದರೆ ಆಮೇಲಿನ ಪರೀಕ್ಷೆಯಲ್ಲಿ ಸಾರು ಚೆಲ್ಲಲಿಲ್ಲ. ಖುಷಿಯಲ್ಲಿ ಭಾವ ಅದನ್ನು ಗೇಟಿನವನಿಗೇ ಕುಡಿಸಿ ಬಂದರು. ಮಾರನೆಯ ದಿನ ಅಕ್ಕನನ್ನು ಎತ್ತಿ ಕೂರಿಸಿ ಹೊರಟೆವು. ಗೇಟು ಬಂತು. ಚಕ್ರ ಹಳಿ ಹತ್ತಿತು, ಇಳಿಯಿತು. ಭಾವ ಉಸಿರು ಬಿಗಿಹಿಡಿದು, ಹಿಂದಿರುಗಿ ನೋಡದೆ ಕೇಳಿದರು: "ನೋವಾಯ್ತೇನೇ?"

"ಗೇಟು ಬಂತಾ? ಗೊತ್ತೇ ಆಗ್ಲಿಲ್ಲರೀ" ಎಂದಳು ಅಕ್ಕ.

ಭಾವ ದಾರಿಯುದ್ದಕ್ಕೂ ಸಿಳ್ಳೆ ಹಾಕಿದರು. ಅಕ್ಕನ ಉಗುರುಗಳು ನನ್ನ ಅಂಗೈಯಲ್ಲಿ ಇಳಿದಿದ್ದವು. ರಕ್ತವನ್ನು ಸೆರಗಿಗೆ ಒರೆಸಿಕೊಂಡೆ. ಅವಳು ನನ್ನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದಳು, ಹೇಳಬೇಡ ಎಂದು.

ಆ ಮಳೆಗಾಲ ಮುಗಿಯುವ ಮೊದಲೇ ಅಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮನೆಗೆ ಒಯ್ಯಲು ವ್ಯಾನಿದೆ ಎಂದರು ಆಸ್ಪತ್ರೆಯವರು, ಭಾವ ಒಪ್ಪಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಅವಳ ತಲೆ. ಸೀಟಿಗೆ ಇನ್ನೂ ಇಂಗಿನ ವಾಸನೆಯಿತ್ತು. ಭಾವ ಒಂದೊಂದು ಗುಂಡಿಯನ್ನೂ ಸುತ್ತಿಬಳಸಿ ಬಂದರು. ಹಿಂದಿದ್ದ ಜಟಕಾದವನು ಬೈದ, ಭಾವನ ಕಿವಿಗೆ ಬೀಳಲಿಲ್ಲ. ಗೇಟಿನ ಹತ್ತಿರ ಕಾರು ಆಮೆಯಾಯಿತು. ಚಕ್ರ ಹಳಿ ಹತ್ತಿತು, ಇಳಿಯಿತು.

"ನೋವಾಯ್ತೇನೇ?" ಎಂದುಬಿಟ್ಟರು ಭಾವ.

ಮರುಕ್ಷಣವೇ ಅವರಿಗೆ ತಿಳಿಯಿತು. ಕಾರು ಅಲ್ಲೇ ನಿಂತಿತು. ಮಡಿಸಲು ಬಾರದ ಆ ಬೆರಳೊಂದು ಸ್ಟೀರಿಂಗಿನಿಂದ ಹೊರಗೆ ಚಾಚಿಕೊಂಡಿತ್ತು. ನನಗೆ ತಡೆಯಲಾಗಲಿಲ್ಲ.

"ಗೇಟು ಬಂತಾ ಭಾವ?" ಎಂದೆ. "ಗೊತ್ತೇ ಆಗ್ಲಿಲ್ಲ."