ಅಟ್ಟಕ್ಕೆ ತೊಗರಿಯೋ, ಪುಸ್ತಕವೋ?

ಪುಸ್ತಕ ಓದಿ ಕೆಟ್ಟವರನ್ನು ನಾನು ಕಂಡಿಲ್ಲ. ಓದಿದ್ದರ ಬಗ್ಗೆ ಅಭಿಪ್ರಾಯ ಹೇಳಹೋಗಿ ಫಜೀತಿಗೆ ಬಿದ್ದವರನ್ನು ಮಾತ್ರ ಹುಮನಾಬಾದಿನಲ್ಲಿ ತಿಂಗಳಿಗೊಮ್ಮೆ ತಪ್ಪದೆ ಕಂಡಿದ್ದೇನೆ.

ಅದು ನಿಜಾಮರ ಕಾಲ. ನಾನು ಸರಕಾರಿ ಶಾಲೆಯ ಮಾಸ್ತರ. ಹಗಲೆಲ್ಲ ಹುಡುಗರಿಗೆ ಉರ್ದುವಿನಲ್ಲಿ ಲೆಕ್ಕ ಹೇಳಿಕೊಟ್ಟು ಬಾಯಿ ಒಣಗಿದ ಮೇಲೆ, ಸಂಜೆ ಒಂದಿಷ್ಟು ಕನ್ನಡ ಓದದಿದ್ದರೆ ನನಗೆ ರೊಟ್ಟಿ ಒಳಗೆ ಇಳಿಯುತ್ತಿರಲಿಲ್ಲ. ನನ್ನಂಥ ಹುಚ್ಚರು ಊರಲ್ಲಿ ಇನ್ನೂ ನಾಲ್ಕಾರು ಜನ ಇದ್ದರು. ಸೊಲ್ಲಾಪುರದ ಮೋಟಾರಿನಲ್ಲಿ ತರಿಸಿಕೊಂಡ ಪುಸ್ತಕಗಳನ್ನು ಒಂದು ಅಲಮಾರಿಗೆ ತುಂಬಿ, ಆ ಅಲಮಾರಿಯನ್ನು ರೈತರ ಕಾಳುಕಡಿ ಮಾರಿಸುವ ಅಡತಿ ಸಾಹುಕಾರರ ಅಂಗಡಿಯ ಅಟ್ಟದ ಮೇಲಿಟ್ಟು, ಅದಕ್ಕೆ ವಾಚನಾಲಯ ಅಂತ ಹೆಸರಿಟ್ಟಿದ್ದೆವು. ಅಮಾವಾಸ್ಯೆಯ ದಿನ ಎತ್ತಿಗೆ ನೊಗವಿಲ್ಲ, ಅಡತಿಗೆ ಗಿರಾಕಿಯಿಲ್ಲ. ಆ ಮಧ್ಯಾಹ್ನ ಎಲ್ಲರೂ ಅಟ್ಟ ಹತ್ತಿ, ಹಿಂದಿನ ತಿಂಗಳು ಓದಿದ ಪುಸ್ತಕದ ಬಗ್ಗೆ ಒಬ್ಬೊಬ್ಬರಾಗಿ ಸ್ವಂತ ಅಭಿಪ್ರಾಯ ಹೇಳಬೇಕು. ಓದದೆ ಹೇಳಿ ಸಿಕ್ಕಿಬಿದ್ದವರು ಉಳಿದವರಿಗೆ ಚಹಾ, ಚುಡವಾ ಕೊಡಿಸಬೇಕು. ಇಷ್ಟೇ ನಮ್ಮ ಕಾನೂನು.

ಅಟ್ಟ ಮಾತ್ರ ಸಾಹುಕಾರರ ಮನಸ್ಸಿರುವವರೆಗೆ ನಮ್ಮದು. ತೊಗರಿ ರಾಶಿಯ ಹಂಗಾಮು ಹತ್ತಿರ ಬಂದಾಗಲೆಲ್ಲ ಅವರು ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡುವ ನೋಟ ನನಗೆ ಸರಿ ಕಾಣುತ್ತಿರಲಿಲ್ಲ. ಅಲ್ಲಿಂದ ಅಲಮಾರಿ ಇಳಿದರೆ ಊರಲ್ಲಿ ಅದಕ್ಕೆ ಬೇರೆ ಜಾಗವಿರಲಿಲ್ಲ. ಬಯಲಲ್ಲಿ ಸೇರೋಣವೆಂದರೆ, ನಾಲ್ಕು ಜನ ಒಟ್ಟಿಗೆ ಕೂತರೆ ಸಾಕು, ಪೊಲೀಸ್ ಅಮೀನ ಸಾಹೇಬರು ಯಾಕೆ ಕೂತಿರಿ ಅಂತ ಕೇಳುತ್ತಿದ್ದರು. ಕಾದಂಬರಿಯ ಬಗ್ಗೆ ಅಭಿಪ್ರಾಯ ಹೇಳಲು ಕೂತಿದ್ದೇವೆ ಅಂದರೆ ಯಾರು ನಂಬುತ್ತಾರೆ?

೧. ನಾಯಕಿಯ ನಾಡಿ

ನಮ್ಮಲ್ಲಿ ಒಬ್ಬ ಹಕೀಮರಿದ್ದರು. ತಾತನ ಕಾಲದಿಂದ ಯುನಾನಿ ದವಾ ಕೊಡುವ ಮನೆತನ. ಅವರ ಓದೆಲ್ಲ ಉರ್ದುವಿನದು. ಕನ್ನಡ ಅಕ್ಷರಗಳನ್ನು ಗಡ್ಡ ಬೆಳ್ಳಗಾದ ಮೇಲೆ ನನ್ನಿಂದ ಕಲಿತಿದ್ದರು. ಕಥೆ ಓದಲಿ, ಕೇಳಲಿ, ರೋಗಿಯನ್ನು ನೋಡಿದ ಹಾಗೆಯೇ ನೋಡುತ್ತಿದ್ದರು.

ಒಂದು ಅಮಾವಾಸ್ಯೆ ಶಾಸ್ತ್ರಿಗಳ ಸರದಿ. ಇವರು ಮಾಣಿಕನಗರದಿಂದ ನಡೆದು ಬರುತ್ತಿದ್ದ ಪುರಾಣಿಕರು. ಆ ತಿಂಗಳು ಓದಿದ ಕಾದಂಬರಿಯಲ್ಲಿ ನಾಯಕಿ ವಿರಹದಿಂದ ಪ್ರಾಣ ಬಿಟ್ಟದ್ದನ್ನು ಹೇಳುತ್ತ ಹೇಳುತ್ತ ಶಲ್ಯದಿಂದ ಕಣ್ಣೊರೆಸಿಕೊಂಡರು. ಹಕೀಮರು ಕೈ ಎತ್ತಿದರು.

"ಜರಾ ತಡೀರಿ ಶಾಸ್ತ್ರಿಗಳ. ಆಕಿ ಊಟ ಬಿಟ್ಟಿದ್ಲೇನು?"

"ಬಿಟ್ಟಿದ್ಲ್ರಿ."

"ನಿದ್ದಿ?"

"ಅದೂ ಇಲ್ರಿ."

"ಎದಿ ಉರೀತದ ಅಂತಿದ್ಲು?"

"ಪುಟಪುಟಕ್ಕೂ ಅಂತಾಳ್ರಿ, ಪಾಪ."

"ಹಂಗಾದ್ರ ಇದು ಇಷ್ಕ್ ಅಲ್ರಿ, ಪಿತ್ತ. ಖಾರ ಬಿಡಿಸಿ, ನಾಲ್ಕು ದಿನ ಗುಲ್ಕಂದ ಕೊಟ್ಟಿದ್ರ ಎದ್ದು ಕೂಡ್ತಿದ್ಲು."

ನಮ್ಮ ವಕೀಲರು ಇಂಥದ್ದಕ್ಕೇ ಕಾಯುತ್ತಿದ್ದವರು. "ದವಾ ಇದ್ದೂ ಕೊಡಿಸಲಿಲ್ಲ ಅಂದ ಮ್ಯಾಲ, ಕಥಿ ಬರದಾಂವನ ಮ್ಯಾಲ ಖೂನಿ ಮುಕದ್ದಮಾನೇ ಹೂಡಬಹುದು" ಅಂದರು. ಶಾಸ್ತ್ರಿಗಳು "ಅದು ರಸ ಅದ್ರಿ, ರೋಗ ಅಲ್ಲ!" ಎಂದು ಕೂಗಿಕೊಂಡರೂ ಯಾರೂ ಕೇಳಲಿಲ್ಲ. ಸಂಜೆಯವರೆಗೆ ವಿಚಾರಣೆ ನಡೆದು, ಲೇಖಕನಿಗೆ ಜಾಮೀನು ಸಹ ಸಿಗಲಿಲ್ಲ.

ಈ ಗದ್ದಲವೆಲ್ಲ ಕೆಳಗೆ ಅಂಗಡಿ ಕಟ್ಟೆಯ ಮೇಲೆ ಕೂತವರಿಗೆ ಕೇಳುತ್ತಿತ್ತು. ಮರುದಿನ ಬೇಮಳಖೇಡದ ರೈತರೊಬ್ಬರು ಹಕೀಮರ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು.

"ನಿನ್ನಿ ಶಾಸ್ತ್ರಿಗಳ ಕೈಯಾಗ ಒಬ್ಬಾಕಿ ಹೆಣ್ಣುಮಗಳು ಸತ್ತಳಲ್ರಿ, ಆಕಿಗೆ ಹೇಳಿದ ದವಾನೇ ನಮ್ಮ ಮನಿಯಾಕಿಗೂ ಕೊಡ್ರಿ. ಆದ್ರ ಜರಾ ಲಗೂ ಕೊಡ್ರಿ, ಶಾಸ್ತ್ರಿಗಳಂಗ ತಡಾ ಮಾಡಬ್ಯಾಡ್ರಿ."

೨. ಸಂದಿಯಿಂದ ಓದಿದ ಪುಸ್ತಕ

ಬೆಳ್ಳಿ ಬಂಗಾರದ ವ್ಯಾಪಾರ ಮಾಡುವ ಸರಾಫರು ನಮ್ಮ ಕೂಟದ ಅತ್ಯುತ್ತಮ ಮಾತುಗಾರರು. ಅವರು ಮೆಚ್ಚದ ಪುಸ್ತಕವೇ ಇರಲಿಲ್ಲ. "ಏನ್ ಭಾಷಾ! ಏನ್ ವಿಚಾರ! ಓದಬೇಕ್ರಿ, ಓದೇ ತಿಳೀಬೇಕು" ಎನ್ನುತ್ತ ಅರ್ಧ ಗಂಟೆ ಹೊಗಳುತ್ತಿದ್ದರು. ಕೊನೆಗೆ ಪುಸ್ತಕದಲ್ಲಿ ಏನಿದೆ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ನಮಗೆ ತಿಳಿದಿರುತ್ತಿತ್ತು.

ಆಗ ಕೆಲವು ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಮಡಿಕೆ ಸೀಳದೆಯೇ ಬರುತ್ತಿದ್ದವು. ಓದುವವರೇ ಚಾಕುವಿನಿಂದ ಸೀಳಿಕೊಂಡು ಮುಂದೆ ಹೋಗಬೇಕು. ಒಂದು ಸಲ ಸರಾಫರು ಅಂಥದೊಂದು ಪುಸ್ತಕವನ್ನು ಎದೆಗವಚಿಕೊಂಡು ಹೊಗಳುತ್ತಿರುವಾಗ ಸಾಹುಕಾರರು ಹಗ್ಗ ಹುಡುಕಿಕೊಂಡು ಅಟ್ಟಕ್ಕೆ ಬಂದರು. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಪುಸ್ತಕ ಈಸಿಕೊಂಡು ತಿರುವಿದರು. ಒಂದು ಮಡಿಕೆಯೂ ಬಿಚ್ಚಿರಲಿಲ್ಲ.

"ಸರಾಫ್ರ, ಇದನ್ನ ಹ್ಯಾಂಗ ಓದಿದ್ರಿ?"

ಸರಾಫರು ಒಂದಿಷ್ಟೂ ಅಳುಕಲಿಲ್ಲ. ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಮಡಿಕೆಯೊಳಗೆ ಇಣುಕಿ ತೋರಿಸಿದರು. "ಹಿಂಗ್ರಿ. ಹೊಸಾ ಪುಸ್ತಕಕ್ಕ ಚಾಕು ಹಾಕಾಕ ಮನಸ್ಸು ಬರಲಿಲ್ಲ. ಸಂದಿಯಿಂದನೇ ಓದೀನಿ."

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಾಹುಕಾರರು ನಗಲಿಲ್ಲ.

"ನೋಡ್ರಿ ಮಾಸ್ತರ" ಅಂದರು. "ನೀವು ಓದ್ತೀರಿ ಅಂತ ನಾ ಅಟ್ಟ ಕೊಟ್ಟೀನಿ. ಸುಳ್ಳು ಹೇಳಾಕ ಅಂಗಡಿ ಕಟ್ಟೀನೇ ಸಾಕಲ್ರಿ, ಮ್ಯಾಲ ಯಾಕ ಬರಬೇಕು? ಬರೂ ಅಮಾಸಿಗೆ ಎಲ್ಲಾರೂ ಒಂದೇ ಪುಸ್ತಕ ಓದ್ಕೊಂಡು ಬರ್ರಿ. ಯಾರೂ ಓದಿರದ ಪುಸ್ತಕ ಇರಬೇಕು. ನಾನೂ ಓದ್ತೀನಿ. ಒಬ್ಬರು ಸುಳ್ಳು ಹೇಳಿದ್ದು ಸಿಕ್ಕರೂ ಮರುದಿನ ತೊಗರಿ ಚೀಲ ಒಳಗ ಬರ್ತಾವ."

ನನ್ನ ಕಣ್ಣು ಅಲಮಾರಿಯ ಮೇಲೆ ಹೋಯಿತು. ಸರಾಫರೊಬ್ಬರೇ ದಂಡದ ಚುಡವಾ ತರಿಸಿ, ಮೊದಲ ಮುಷ್ಟಿ ತಾವೇ ಬಾಯಿಗೆ ಹಾಕಿಕೊಂಡು, "ಬೇಷಕ್ ಆಗಲಿ. ಖರೇ ಓದವ್ರಿಗೆ ಏನ್ ಹೆದರಿಕಿ?" ಅಂದರು.

೩. ಕಲ್ಯಾಣಿಯ ಎರಡು ಅಭಿಪ್ರಾಯ

ಯಾರೂ ಓದಿರದ ಪುಸ್ತಕ ನಮ್ಮ ಅಲಮಾರಿಯಲ್ಲಿ ಇರಲಿಲ್ಲ. ಈಗ ಬಸವಕಲ್ಯಾಣ ಅನ್ನುವ ಊರಿಗೆ ಆಗ ಕಲ್ಯಾಣಿ ಅನ್ನುತ್ತಿದ್ದೆವು. ಅಲ್ಲಿ ನನ್ನ ಅಕ್ಕನ ಮನೆ. ಅವಳ ಹತ್ತಿರ ಒಂದು ಸಂಸಾರದ ಕಾದಂಬರಿ ಇತ್ತು. ಹೊಲಿಗೆ ಕಿತ್ತುಹೋಗಿ ಹಾಳೆಗಳೆಲ್ಲ ಬಿಡಿಬಿಡಿಯಾಗಿ, ಅವಳು ಅದನ್ನು ಸೀರೆಯ ಅಂಚಿನ ಚೂರಿನಿಂದ ಕಟ್ಟಿಟ್ಟಿದ್ದಳು.

"ಹ್ಯಾಂಗದ ಅಕ್ಕಾ ಕಥಿ?" ಅಂದೆ.

"ಹುಡುಗ ಅಜ್ಜಿ ಮನ್ಯಾಗ ಬೆಳೀತಾನ. ಮದಿವಿ ಆಗ್ತದ. ಆಮ್ಯಾಲ ತಮ್ಮನ ಕೂಡ ಬಾವಿ ಸಲುವಾಗಿ ಕೋರ್ಟಿಗೆ ಹೋಗ್ತಾನ. ಕಡೀಕ ಸಾಯೂಮುಂದ ಆ ತಮ್ಮನೇ ಬಂದು ಬಾಯಾಗ ನೀರು ಬಿಡ್ತಾನ."

"ನಿನ್ನ ಅಭಿಪ್ರಾಯ?"

"ಇಷ್ಟು ದಪ್ಪ ಪುಸ್ತಕದಾಗ ಒಬ್ಬರೂ ಉಂಡಿಲ್ಲಲ್ಲೋ! ಮದಿವಿ ಮನ್ಯಾಗೂ ಊಟದ ಸುದ್ದಿ ಇಲ್ಲ. ಅಣ್ಣತಮ್ಮರು ಜಗಳಾಡಿದ್ದು ಬಾವಿ ಸಲುವಾಗಿ ಅಲ್ಲ, ಹಸಿವಿಗೆ."

ಇಷ್ಟು ನೇರವಾದ ವಿಮರ್ಶೆಯನ್ನು ನಾನು ನಮ್ಮ ಅಟ್ಟದ ಮೇಲೆ ಎಂದೂ ಕೇಳಿರಲಿಲ್ಲ. ಹಾಳೆಗಳನ್ನು ಹಾಗೇ ಎತ್ತಿಕೊಂಡು ಕೋಟೆಯ ಹತ್ತಿರದ ಜಿಲ್ದ್‌ಗಾರರ ಅಂಗಡಿಗೆ ಹೋದೆ. ಪುಸ್ತಕಕ್ಕೆ ರಟ್ಟು ಕಟ್ಟುವುದರಲ್ಲಿ ಅವರನ್ನು ಮೀರಿಸುವವರು ಸುತ್ತಲೂ ಇರಲಿಲ್ಲ. ಅಂಗಡಿ ತುಂಬ ಉರ್ದು, ಫಾರಸಿ ಪುಸ್ತಕಗಳು. ಕನ್ನಡದ ಕೆಲಸ ಅವರಿಗೆ ಬಂದದ್ದು ಅದೇ ಮೊದಲು. ಹಾಳೆಯೊಂದನ್ನು ಬೆರಳಿನಿಂದ ತಿಕ್ಕಿ ನೋಡಿ ಮುಖ ಸಿಂಡರಿಸಿದರು.

"ಯಾಕ್ರಿ?" ಅಂದೆ.

"ಕಾಗದ ಛಲೋ ಇಲ್ಲ ಮಾಸ್ತರ್ ಸಾಬ. ಒಳಗಿನ ಕಥಿ ಹ್ಯಾಂಗ ಛಲೋ ಇರ್ತದ?"

ಸಂಜೆ ಮೋಟಾರು ಹೊರಡುವ ಹೊತ್ತಿಗೆ ಕಪ್ಪು ರಟ್ಟಿನ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಹಾಕಿದರು. ನಾನು ಬಿಚ್ಚಿ ನೋಡಲಿಲ್ಲ, ನೇರ ತಂದು ಸಾಹುಕಾರರಿಗೆ ಕೊಟ್ಟೆ. ಅವರ ನಂತರ ಹಕೀಮರು, ಆಮೇಲೆ ವಕೀಲರು, ಶಾಸ್ತ್ರಿಗಳು, ಕೊನೆಗೆ ಸರಾಫರು ಒಯ್ದರು. ತಮ್ಮ ಅಭಿಪ್ರಾಯವನ್ನು ಇನ್ನೊಬ್ಬರು ಕದ್ದಾರು ಅಂತ ನನ್ನ ಮುಂದೆ ಒಬ್ಬರೂ ಮೊದಲೇ ಬಾಯಿ ಬಿಡಲಿಲ್ಲ. ನಾನು ಅಧ್ಯಕ್ಷ, ಓದುವ ಬಾಧೆ ಇರಲಿಲ್ಲ. ನಮ್ಮ ಕಡೆ ಅಧ್ಯಕ್ಷರಾಗುವುದೇ ಅದಕ್ಕೆ.

೪. ಸತ್ತವನ ಮೇಲೆ ದಾವೆ

ಅಮಾವಾಸ್ಯೆ ಬಂತು. ಕೆಳಗೆ ಅಂಗಳದಲ್ಲಿ ಮಂಠಾಳದಿಂದ ಬಂದ ತೊಗರಿ ಚೀಲಗಳು ಆಗಲೇ ರಾಶಿ ಬಿದ್ದಿದ್ದವು, ಒಂದು ಮೂಲೆಯಲ್ಲಿ ಕಡಲೆಯವೂ ಇದ್ದವು. ಸಾಹುಕಾರರು ಗೋಡೆಗೊರಗಿ ಕೂತು, "ಹೂಂ, ವಕೀಲರ, ನೀವ ಶುರು ಮಾಡ್ರಿ" ಅಂದರು.

ವಕೀಲರು ಎದ್ದು ಗಂಟಲು ಸರಿಮಾಡಿಕೊಂಡರು. "ಇಂಥಾ ಹೊಸಾ ನಮೂನಿ ಕಾದಂಬರಿ ನಾ ಓದಿಲ್ರಿ. ಮೊದಲನೇ ಪುಟದಾಗೇ ನಾಯಕ ಸಾಯ್ತಾನ! ತಮ್ಮ ಬಂದು ಬಾಯಾಗ ನೀರು ಬಿಡ್ತಾನ. ಆಮ್ಯಾಲ ಅದೇ ತಮ್ಮ ಸತ್ತವನ ಮ್ಯಾಲ ದಾವಾ ಹೂಡ್ತಾನ. ಕಾನೂನಿನಾಗ ಇಲ್ಲದ್ದು ಸಾಹಿತ್ಯದಾಗ ಆಗ್ಯದ. ಪುಟದ ಅಂಕಿ ಸುದ್ದಾ ಇಳಿಸ್ಕೋತ ಹೋಗ್ಯಾನ. ಏನ್ ಕಲಾ!"

ಅಕ್ಕ ಹೇಳಿದ ಕಥೆ ಇದಲ್ಲ. ಈ ಮನುಷ್ಯ ಪುಸ್ತಕ ಮುಟ್ಟಿಯೇ ಇಲ್ಲ ಅಂದುಕೊಂಡೆ. ಸಾಹುಕಾರರ ಹುಬ್ಬು ಗಂಟಿಕ್ಕಿತು. ಇನ್ನು ಶಾಸ್ತ್ರಿಗಳಾದರೂ ಮಾನ ಉಳಿಸಲಿ ಅಂತ ದೇವರನ್ನು ನೆನೆದೆ.

ಶಾಸ್ತ್ರಿಗಳು ಎರಡೂ ಕೈ ಜೋಡಿಸಿದರು. "ವಕೀಲರಿಗೆ ಒಳ ಅರ್ಥ ತಿಳಿದಿಲ್ಲ. ಇದು ಪುನರ್ಜನ್ಮದ ಕಥಿ. ಸತ್ತಾಂವ ತಿರುಗಿ ಬಂದು ಜಗಳಾಡಿ, ಅದೇ ಹೆಂಡತೀನ್ನ ಮತ್ತ ಮದಿವಿ ಆಗಿ, ಕಡೀಕ ಕೂಸಾಗಿ ಅಜ್ಜಿ ತೊಡಿ ಮ್ಯಾಲ ಮಲಗ್ತಾನ. ಎಂಥಾ ಪತಿವ್ರತಿ ನೋಡ್ರಿ, ಬರೂ ಜನ್ಮಕ್ಕೂ ಗಂಡನ್ನ ಬಿಡಲಿಲ್ಲ!"

"ಬಿಡ್ರಿ ಸಾಕು!" ಸಾಹುಕಾರರು ಗುಡುಗಿದರು. "ಸರಾಫ್ರ, ನೀವು ಹೇಳ್ರಿ."

ಸರಾಫರು ನೀರು ಹರಿದ ಹಾಗೆ ಹೇಳಿದರು. ಅಜ್ಜಿ ಮನೆ, ಮದುವೆ, ಬಾವಿಯ ಜಗಳ, ಕೊನೆಗೆ ತಮ್ಮನ ಕೈಯ ನೀರು. ಒಂದು ಎಳೆ ತಪ್ಪಲಿಲ್ಲ. ಹಕೀಮರೂ ತಲೆದೂಗಿ, "ಬರಾಬರ್, ನಾ ಓದಿದ್ದೂ ಹಿಂಗ" ಅಂದರು. ಸರಾಫರು ಓದಿಕೊಂಡು ಬಂದದ್ದು ನೋಡಿ ನನಗೆ ಖುಷಿಪಡಬೇಕೋ, ಅಲಮಾರಿ ಹೋಯಿತು ಅಂತ ಅಳಬೇಕೋ ತಿಳಿಯಲಿಲ್ಲ.

"ತೀರ್ಪು ಆತು" ಅಂದರು ಸಾಹುಕಾರರು. "ಓದಿಲ್ಲಾಂತ ಅನಕೊಂಡ ಸರಾಫ್ರು ಓದ್ಯಾರ. ಶ್ಯಾಣ್ಯಾ ಅನಕೊಂಡ ನೀವಿಬ್ಬರೂ ಸುಳ್ಳು ಹೇಳಾಕತ್ತೀರಿ. ಮಾಸ್ತರ, ಅಲಮಾರಿ ಖಾಲಿ ಮಾಡ್ರಿ."

ವಕೀಲರು ಕೆಂಡವಾದರು. ಪುಸ್ತಕ ಕಿತ್ತುಕೊಂಡು ಎಡಗಡೆಯ ರಟ್ಟು ತೆರೆದು ಸಾಹುಕಾರರ ಮುಖಕ್ಕೆ ಹಿಡಿದರು. "ನೋಡ್ರಿ, ಮೊದಲನೇ ಪುಟ. ಸತ್ತಾನೋ ಇಲ್ಲೋ?"

ಸಾಹುಕಾರರು ಅದನ್ನು ಎಳೆದುಕೊಂಡು ಬಲಗಡೆಯ ರಟ್ಟು ತೆರೆದರು. "ಇದು ಮೊದಲನೇ ಪುಟ. ಅಜ್ಜಿ ಮನಿ ಅದನೋ ಇಲ್ಲೋ?"

ನಾನು ನಡುವೆ ನುಗ್ಗಿ ಪುಸ್ತಕ ಈಸಿಕೊಂಡು ನೋಡಿದೆ. ನಗು ತಡೆಯಲಾಗದೆ ಕೂತುಬಿಟ್ಟೆ. ಕಲ್ಯಾಣಿಯ ಆ ಪುಣ್ಯಾತ್ಮರು ಹುಟ್ಟಿದಾಗಿನಿಂದ ಉರ್ದು ಪುಸ್ತಕಕ್ಕೆ ರಟ್ಟು ಕಟ್ಟಿದವರು. ಕನ್ನಡದ ಹಾಳೆಗಳನ್ನೂ ಹಾಗೆಯೇ, ಬಲದಿಂದ ಎಡಕ್ಕೆ ಓದುವಂತೆ ಜೋಡಿಸಿ ಹೊಲಿದಿದ್ದರು. ಹಕೀಮರ ಓದು, ಸಾಹುಕಾರರ ಲೆಕ್ಕದ ಪುಸ್ತಕ ಎಲ್ಲ ಉರ್ದುವಿನಲ್ಲಿ, ಇಬ್ಬರೂ ರೂಢಿಯಂತೆ ಬಲಗಡೆಯಿಂದ ತೆರೆದರು. ಕಥೆ ಸರಿಯಾಗಿ ಸಿಕ್ಕಿತು. ಕೋರ್ಟಿನ ಉರ್ದು ಬಂದರೂ ಇದು ಕನ್ನಡ ಪುಸ್ತಕವೆಂದು ಎಡಗಡೆಯಿಂದ ತೆರೆದ ವಕೀಲರಿಗೂ, ಹಾಗೇ ತೆರೆದ ಶಾಸ್ತ್ರಿಗಳಿಗೂ ಕೊನೆಯ ಪುಟವೇ ಮೊದಲು ಸಿಕ್ಕಿತ್ತು. ತಿಳಿಯಲಿಲ್ಲ ಅಂತ ಒಪ್ಪಿಕೊಳ್ಳಲು ಬಿಗುಮಾನ. ಒಬ್ಬರು ಕಲೆ ಅಂದರು, ಇನ್ನೊಬ್ಬರು ಪುನರ್ಜನ್ಮ ಅಂದರು.

ವಕೀಲರಿಗೆ ಹೋದ ಜೀವ ಬಂತು. "ಸಾಹುಕಾರ್ರ, ನಾವು ಉಲ್ಟಾ ಹೇಳಿದ್ದೇ ನಾವು ಓದಿದ್ದಕ್ಕ ಸಬೂತು! ಓದದಿದ್ರ ಇಷ್ಟು ಬರಾಬರ್ ತಪ್ಪು ಹೇಳಾಕ ಹ್ಯಾಂಗ ಆಗ್ತಿತ್ತು?"

ಸಾಹುಕಾರರು ಒಪ್ಪಲೇಬೇಕಾಯಿತು. ವಾದ ಸರಿಯಾಗಿತ್ತು.

ವಕೀಲರು ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದ ವಕೀಲರು ಸುಮ್ಮನಿರುತ್ತಾರೆಯೇ? ಪುಸ್ತಕವನ್ನು ಸರಾಫರ ಕೈಗೆ ಕೊಟ್ಟು, "ನೀವು ಹ್ಯಾಂಗ ಓದಿದ್ರಿ, ಜರಾ ತೆರೆದು ತೋರಸ್ರಿ" ಅಂದರು.

ಸರಾಫರಿಗೆ ಉರ್ದು ಬಾರದು. ಅವರ ಕೈ ತಾನಾಗಿಯೇ ಎಡಗಡೆಯ ರಟ್ಟಿಗೆ ಹೋಯಿತು. ತೆರೆದರೆ ನಾಯಕ ಸಾಯುತ್ತಿದ್ದಾನೆ.

"ಅಜ್ಜಿ ಮನಿ ಎಲ್ಲದ್ರಿ?" ಅಂದರು ವಕೀಲರು.

ಸರಾಫರು ಒಂದು ಪುಟ ತಿರುವಿದರು, ಇನ್ನೊಂದು ತಿರುವಿದರು. ಹಕೀಮರಿಗೆ ಆಗ ನೆನಪಾಯಿತು. "ಅರೆ! ನನ್ನ ಹತ್ರ ನಾಡಿ ತೋರಸಾಕ ಬಂದಾಗ ಇಡೀ ಕಥಿ ಕೇಳ್ಕೊಂಡು ಹೋದ್ರಲ್ಲ! ನಾಡಿ ಬಿಲ್ಕುಲ್ ಠೀಕ್ ಇತ್ತು, ಯಾಕ ಬಂದ್ರು ಅಂತ ನಾ ಅವತ್ತೇ ವಿಚಾರ ಮಾಡಿದ್ದೆ."

ಕಥೆಯನ್ನು ಎಲ್ಲರಿಗಿಂತ ಅಚ್ಚುಕಟ್ಟಾಗಿ ಹೇಳಿದವರೇ ಪುಸ್ತಕ ಓದಿರಲಿಲ್ಲ! ನಗಲು ಬಾಯಿ ತೆರೆದವನು ಹಾಗೇ ನಿಂತೆ. ಸುಳ್ಳು ಸಿಕ್ಕಿಬಿದ್ದಿತ್ತು, ಷರತ್ತು ಷರತ್ತೇ. ಇಷ್ಟು ವರ್ಷ ಹೊತ್ತು ತಂದು ಜೋಡಿಸಿದ ಪುಸ್ತಕಗಳನ್ನು ಎಲ್ಲಿ ಇಡಲಿ ಅನ್ನುವ ಯೋಚನೆಗೆ ನನಗೆ ಅಳುವೇ ಬಂತು.

ಸಾಹುಕಾರರು ಎದ್ದು ಕಿಟಕಿಯಿಂದ ಅಂಗಳದ ಚೀಲಗಳನ್ನು ನೋಡಿದರು. ಆಮೇಲೆ ಅಲಮಾರಿ ನೋಡಿದರು.

"ಒಬ್ಬರು ಸುಳ್ಳು ಹೇಳಿದ್ದು ಸಿಕ್ಕರೂ ಚೀಲ ಒಳಗ ಬರ್ತಾವ ಅಂದಿದ್ದೆ. ಅಂದ ಮಾತು ತಪ್ಪಂಗಿಲ್ಲ" ಅಂದರು. "ಆದ್ರ ಇಲ್ಲೇ ಅಂತ ಯಾರು ಅಂದ್ರು? ಸರಾಫ್ರು ಮನ್ಯಾಗ ಮಂದಿ ಕೂಡಾಕಂತ ಹೊಸಾ ದಿವಾಣಖಾನಿ ಕಟ್ಟಿಸ್ಯಾರ, ಇನ್ನೂ ಖಾಲಿ ಅದ. ಚೀಲ ಅಲ್ಲೇ ಬರ್ತಾವ."

ಸರಾಫರು ಹೌಹಾರಿ ಎದ್ದರು. "ಸಾಹುಕಾರ್ರ, ಮಾಫ್ ಮಾಡ್ರಿ! ಖರೇ ಹೇಳಿಬಿಡ್ತೀನಿ. ಇದೊಂದೇ ಅಲ್ರಿ, ಮೂರು ವರ್ಷದಾಗ ನಾ ಒಂದು ಪುಸ್ತಕನೂ ಓದಿಲ್ಲ!"

"ಮೂರು ವರ್ಷದ ಸುಳ್ಳೇನ್ರಿ?" ಸಾಹುಕಾರರು ಮೆಟ್ಟಿಲಿನ ಹತ್ತಿರ ಹೋಗಿ ಕೆಳಗಿನ ಹಮಾಲರಿಗೆ ಕೂಗಿ ಹೇಳಿದರು. "ತಮ್ಮಗೋಳ್ರ್ಯಾ, ಕಡ್ಲಿ ಚೀಲನೂ ಸರಾಫ್ರ ಮನ್ಯಾಗೇ ಇಳಸ್ರಿ!"