ಅಲಾಂಜೊ ಬಿಬ್ಸ್‌ನ ಬಿಳಿ ಏಪ್ರನ್

ಅಲಬಾಮಾದ ಟಾಲ್ವರ್ ನಗರ ಉದ್ಯಾನ ಮಂಡಳಿಯ 1934ರ ಹದಿನಾಲ್ಕನೇ ನಿಯಮದಂತೆ, ಬೇಸ್‌ಬಾಲ್ ಮೈದಾನದೊಳಗೆ ಹಗ್ಗ ಕಟ್ಟಿ ಬಿಳಿಯ ಪ್ರೇಕ್ಷಕರ ಕುರ್ಚಿಗಳಿಗೆ ಮೀಸಲಿಟ್ಟ ಜಾಗವನ್ನು ಕಪ್ಪು ಜನ ಪ್ರವೇಶಿಸತಕ್ಕದ್ದಲ್ಲ. ಚೆಂಡಿಗೆ ಈ ನಿರ್ಬಂಧ ಅನ್ವಯಿಸದು.

ಕಪ್ಪು ಆಟಗಾರರ ಲೀಗಿನ ಟಾಲ್ವರ್ ರೂಸ್ಟರ್ಸ್ ತಂಡದಲ್ಲಿ ಅಲಾಂಜೊ ಬಿಬ್ಸ್ ಕಾಯುತ್ತಿದ್ದದ್ದು ಹೊರಮೈದಾನದ ಎಡಭಾಗ, ಆ ಹಗ್ಗದ ಪಕ್ಕದಲ್ಲೇ. ಗಾಳಿಯ ಹಾಗೆ ಓಡುವ ಆಸಾಮಿ. ಆದರೆ ಎದುರಾಳಿಗಳೇನು ದಡ್ಡರೇ? ಚೆಂಡನ್ನೆಲ್ಲ ಕುರ್ಚಿಗಳ ಕಡೆಗೇ ಬಾರಿಸತೊಡಗಿದರು. ಅಲಾಂಜೊ ಹಗ್ಗದ ತನಕ ಓಡಿ, ಕಾನೂನಿಗೆ ಗೌರವ ಕೊಟ್ಟು ನಿಂತುಬಿಡುತ್ತಿದ್ದ.

"ಇನ್ನೊಂದು ಚೆಂಡು ಅಲ್ಲಿ ಬಿತ್ತು ಅಂದ್ರೆ ನಿನ್ನ ಜಾಗಕ್ಕೆ ಬೇರೆಯವನ್ನ ಹಾಕ್ತೀನಿ, ನೋಡು!" ಎಂದ ಮ್ಯಾನೇಜರ್ ಸೈಲಸ್ ಮ್ಯಾಬ್ರಿ.

"ಬೇರೆಯವ್ನೇನು ಬೆಳ್ಳಗಿರ್ತಾನಾ ಅಣ್ಣ?"

ಬಾಯಿ ಹಾಗೆಂದರೂ ಅಲಾಂಜೊಗೆ ತಂಡದಿಂದ ತೆಗೆದಾರೆಂಬ ಭಯ. ತಂಡ ಬಿಟ್ಟರೆ ಅವನಿಗೆ ಮತ್ತೆ ಕಲ್ಲಿದ್ದಲ ಗಣಿಯೇ ಗತಿ. ಮಂಡಳಿಯ ಕಾರ್ಯದರ್ಶಿ ಕ್ರೆನ್‌ಶಾ ಅವರೆದುರು ಟೋಪಿ ತೆಗೆದು ನಿಂತ.

ಕ್ರೆನ್‌ಶಾ ನಿಯಮಾವಳಿ ತಿರುವಿದರು. "ಸೇವಕರಿಗೆ ವಿನಾಯಿತಿ ಇದೆ ಕಣಯ್ಯ. ಏಪ್ರನ್ ಕಟ್ಕೊ, ಕಡಲೆಕಾಯಿ ಬುಟ್ಟಿ ಹಿಡ್ಕೊ. ಮಧ್ಯೆ ಚೆಂಡು ಬಂದ್ರೆ ಅದು ನಿನ್ನ ಹಣೆಬರಹ."

ಮರುವಾರ ಅಲಾಂಜೊ ಬಿಳಿ ಏಪ್ರನ್ ಕಟ್ಟಿ, ಒಂದು ಕೈಯಲ್ಲಿ ಬುಟ್ಟಿ ಹಿಡಿದು, ಇನ್ನೊಂದಕ್ಕೆ ಗ್ಲೌಸ್ ಹಾಕಿ, ಹಗ್ಗ ದಾಟಿ ಏಳು ಕ್ಯಾಚ್ ಹಿಡಿದ.

"ಏಯ್, ನಿಂಬೆ ಪಾನಕ ಎಲ್ಲಿ?" ಎಂದರು ಮುಂದಿನ ಸಾಲಿನ ಮಹಿಳೆ.

"ಇವನೊಬ್ಬನ್ನ ಔಟ್ ಮಾಡಿ ಬಂದೆ, ಅಮ್ಮಾವ್ರೆ!"

ಅಷ್ಟರಲ್ಲಿ ಕುರ್ಚಿಗಳಲ್ಲಿ ಕೂತವರಿಂದ ಮಂಡಳಿಗೆ ಲಿಖಿತ ದೂರು ಬಂತು: ಸೇವಕನು ಆಟದ ಅರ್ಧ ಹೊತ್ತು ಬ್ಯಾಟ್ ಮಾಡುವ ನೆಪ ಹೇಳಿ ಕಾಣೆಯಾಗುತ್ತಾನೆ. ಮಂಡಳಿ ತುರ್ತು ಸಭೆ ಸೇರಿ ಪ್ರಕಟಣೆ ಹೊರಡಿಸಿತು: "ಸೇವಕನು ಆಟ ಮುಗಿಯುವವರೆಗೆ ಸ್ಥಳ ಬಿಟ್ಟು ಕದಲತಕ್ಕದ್ದಲ್ಲ."

ಅಲಾಂಜೊ ಕದಲಲಿಲ್ಲ. ರೂಸ್ಟರ್ಸ್ ಬ್ಯಾಟ್ ಹಿಡಿದಾಗಲೂ ಕುರ್ಚಿಗಳ ನಡುವೆಯೇ ನಿಂತಿದ್ದ. ತನ್ನದೇ ತಂಡದವನು ಬಾರಿಸಿದ ಚೆಂಡು ತಲೆಯ ಮೇಲೆ ಬಂತು. ಹನ್ನೆರಡು ವರ್ಷದ ಅಭ್ಯಾಸ, ಕೈ ಮಾತು ಕೇಳುತ್ತದೆಯೇ? ಹಿಡಿದೇಬಿಟ್ಟ. ಅಂಪೈರ್ ಪ್ರಕಟಣೆಯನ್ನು ಮೂರು ಸಲ ಓದಿ ಔಟ್ ಕೊಟ್ಟ.

"ಯಾರ ಕಡೆಯವನೋ ನೀನು?" ಮ್ಯಾಬ್ರಿ ಕಿರುಚಿದ.

"ಮಂಡಳಿ ಕಡೆಯವ್ನು ಅಣ್ಣ."

ಅನ್ಯಾಯ ಎರಡೂ ತಂಡಗಳಿಗೆ ಸಮನಾಗಿ ಹಂಚಿಕೆಯಾದ್ದರಿಂದ ಯಾರೂ ತಕರಾರು ಎತ್ತಲಿಲ್ಲ. ಬ್ಯಾಟ್ ಮಾಡದವನಿಗೆ ತಂಡದ ಪಟ್ಟಿಯಲ್ಲಿ ಜಾಗವೇಕೆಂದು ಮ್ಯಾಬ್ರಿ ಅವನ ಬದಲು ಇನ್ನೊಬ್ಬನನ್ನು ಸೇರಿಸಿಕೊಂಡ. ಆ ವರ್ಷ ಲೀಗಿನಲ್ಲೇ ಅತಿ ಹೆಚ್ಚು ಕ್ಯಾಚ್ ಹಿಡಿದವನು ಅಲಾಂಜೊ ಬಿಬ್ಸ್. ಅವನನ್ನು ತಂಡದಿಂದ ತೆಗೆಯುವ ಭಯ ಇನ್ನಿರಲಿಲ್ಲ. ಅವನೀಗ ಯಾವ ತಂಡದಲ್ಲೂ ಇರಲಿಲ್ಲ.