ಬೆನ್ನು ತೋರಿಸಿ ಮಾಡಿದ ಭಾಷಣ

ಆವಲಪ್ಪನಿಗೆ ಆ ದಿನ ಬಂದ ಕಷ್ಟಕ್ಕೆಲ್ಲ ಮೂಲ ಅವನ ಬಾಯಿಯೇ. ಚಿಕ್ಕಬಳ್ಳಾಪುರದ ಬಸ್ ಡಿಪೊ ಎದುರಿಗೆ ಬೆಳಗಿನ ಟೀ ಕುಡಿಯುತ್ತ ಕಂಡಕ್ಟರ್ ಹರಿಕೃಷ್ಣನಿಗೆ, "ನಿಮ್ದೇನಯ್ಯ ಕೆಲ್ಸ? ಬರೀ ಬಾಯಿ. ಬಾಯಿರೋನು ಯಾರಾದ್ರೂ ಮಾತಾಡ್ತಾನೆ" ಅಂದುಬಿಟ್ಟ. ಡಿಪೊ ಮ್ಯಾನೇಜರು ಹಿಂದೆಯೇ ನಿಂತಿದ್ದರು.

"ಹೌದೇನ್ರೀ ಡ್ರೈವರ್ರೇ? ಹಂಗಾದ್ರೆ ಇವತ್ತು ಮಂಡಿಕಲ್ ಹೈಸ್ಕೂಲಿಗೆ ನೀವೇ ಹೋಗಿ. ಸಾರಿಗೇಲಿ ಏನೇನು ಕೆಲ್ಸ ಇರುತ್ತೆ ಅಂತ ಮಕ್ಕಳಿಗೆ ಹೇಳ್ಬೇಕಂತೆ. ಬಸ್ಸೂ ತಗೊಂಡ್ಹೋಗಿ, ನೋಡ್ಲಿ."

ಆವಲಪ್ಪ ಅರ್ಧ ಕುಡಿದ ಟೀಯನ್ನು ಕೆಳಗಿಟ್ಟ. ನಂದಿ ಬೆಟ್ಟದ ತಿರುವುಗಳಲ್ಲಿ ಒಂದು ಕೈಯಲ್ಲೇ ಸ್ಟೇರಿಂಗ್ ಹಿಡಿಯುತ್ತಿದ್ದ ಗಂಡು ಅವನು. ಆದರೆ ನಾಲ್ಕು ಜನರ ಮುಂದೆ ನಿಂತು ಮಾತಾಡೆಂದರೆ ನಾಲಗೆ ಗೇರ್ ಸಿಗದ ಹಳೇ ಲಾರಿಯಂತಾಗುತ್ತಿತ್ತು. ಸಾಲದ್ದಕ್ಕೆ ಅದು ಅವನ ಮಗಳು ಹರಿತಾ ಓದುವ ಸ್ಕೂಲು. ವಿಷಯ ತಿಳಿಸಲು ಹೆಂಡತಿಗೆ ಫೋನ್ ಮಾಡಿದರೆ, ಇನ್ನೂ ಮನೆಯಲ್ಲೇ ಇದ್ದ ಹರಿತಾ ಕಿತ್ತುಕೊಂಡು, "ಅಪ್ಪಾ, ನೀನಾ ಬರ್ತಿರೋದು? ದಯವಿಟ್ಟು ನನ್ ಮಾನ ತೆಗೀಬೇಡ ಕಣಪ್ಪ" ಅಂದಳು.

ಸ್ಕೂಲಿನ ಗೇಟಿನ ಎದುರು, ಹುಣಸೇಮರದ ಕೆಳಗೆ ಬಸ್ಸು ನಿಲ್ಲಿಸಿ ಹರಿಕೃಷ್ಣನ ಜೊತೆ ಹಾಲ್‌ಗೆ ಹೋದಾಗ ಹೆಡ್ಮಿಸ್ ರೂಪ ಮೇಡಂ ಶಾಲು ಹೊದಿಸಿದರು. ಆವಲಪ್ಪ ಎದ್ದು ನಿಂತ. ಎದುರಿಗೆ ಮುಖಗಳು. ಎಲ್ಲೆಲ್ಲೂ ಮುಖಗಳು. ಎಲ್ಲವೂ ತನ್ನನ್ನೇ ನೋಡುತ್ತಿವೆ.

"ಮಕ್ಕಳೇ..." ಅಂದ. ಮುಂದಕ್ಕೆ ಗಾಡಿ ಹೋಗಲಿಲ್ಲ. ಮತ್ತೆ "ಮಕ್ಕಳೇ..." ಅಂದ. ಹರಿತಾ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು. ಬೆವರು ಒರೆಸಿಕೊಳ್ಳಲು ಆವಲಪ್ಪ ಗೋಡೆಯ ಕಡೆ ತಿರುಗಿದ. ಆಶ್ಚರ್ಯ! ಬಾಯಿಂದ ಮಾತು ಬಂತು. "ಸಾರಿಗೆ ಅಂದ್ರೆ ನಮ್ಮ ದೇಶದ ನರನಾಡಿ!" ಖುಷಿಯಿಂದ ಮಕ್ಕಳ ಕಡೆ ತಿರುಗಿದ. ಗಾಡಿ ಮತ್ತೆ ಕೆಟ್ಟು ನಿಂತಿತು.

ಹರಿಕೃಷ್ಣ ಎದ್ದು ಬಂದು ಕಿವಿಯಲ್ಲಿ ಹೇಳಿದ: "ಗೊತ್ತಾಯ್ತು ಕಣಣ್ಣ ನಿನ್ ಕಾಯಿಲೆ. ಇಷ್ಟು ವರ್ಷ ಜನ ಎಲ್ಲ ನಿನ್ ಬೆನ್ನ ಹಿಂದೆ ಕೂತಿದ್ದಾರೆ. ಮುಖ ನೋಡಿ ನಿಂಗೆ ಅಭ್ಯಾಸ ಇಲ್ಲ. ಮಕ್ಕಳನ್ನ ಬಸ್ಸಿಗೆ ಹತ್ತಿಸಣ. ನೀನು ಸೀಟಲ್ಲಿ ಕೂತು ಮಾತಾಡು."

ಮಕ್ಕಳು ಹೋ ಎಂದು ಹತ್ತಿದರು. ಹರಿಕೃಷ್ಣ ತನ್ನ ಕೆಲಸ ಮುಗಿಯಿತೆಂದು ಟೀ ಅಂಗಡಿಗೆ ನಡೆದ. ಆವಲಪ್ಪ ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಿಯಲ್ಲಿ ಕಂಡ ಮುಖಗಳಿಗೂ ಹೆದರಿ, ಅದನ್ನು ಚಾವಣಿಯ ಕಡೆ ತಿರುಗಿಸಿದ. ಎದುರಿನ ಹುಣಸೇಮರ ನೋಡುತ್ತ ಶುರು ಮಾಡಿದ. ಏನು ಮಾತು! ಗೌರಿಬಿದನೂರಿನಲ್ಲಿ ನಿಲ್ಲುವ ರೈಲಿನ ಲೋಕೋ ಪೈಲಟ್, ಚಿಂತಾಮಣಿಯ ಟೊಮೇಟೊ ಲಾರಿ, ಡಿಪೊದ ಮೆಕ್ಯಾನಿಕ್, ದೇವನಹಳ್ಳಿಯ ವಿಮಾನ, ಯಾವುದನ್ನೂ ಬಿಡಲಿಲ್ಲ.

"ಅಂಕಲ್, ಹಾರ್ನ್ ಹೆಂಗ್ ಹೊಡೀಬೇಕು?" ಎಂದಳೊಬ್ಬಳು.

ಆವಲಪ್ಪ ಉಬ್ಬಿಹೋದ. ಎಮ್ಮೆಗೊಂದು ಹಾರ್ನ್, ಮದುವೆ ದಿಬ್ಬಣಕ್ಕೊಂದು, ಎದುರು ಬರುವ ಸ್ನೇಹಿತನಿಗೊಂದು, ತಿರುವಿಗೊಂದು ಎಂದು ಮಂಡಿಕಲ್ಲಿಗೆ ಮಂಡಿಕಲ್ಲೇ ಕಿವಿ ಮುಚ್ಚಿಕೊಳ್ಳುವಂತೆ ಹೊಡೆದು ತೋರಿಸಿದ. ಹಾರ್ನ್ ನಿಂತಾಗ ಹಿಂದೆ ಗಪ್‌ಚಿಪ್. 'ನೋಡು, ಮಕ್ಕಳು ಹೆಂಗೆ ಮರುಳಾಗಿವೆ' ಎಂದುಕೊಂಡು ಮುಂದುವರಿದ.

ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಕೋಳಿ ಕೂಗಿದ ಸದ್ದಾಯಿತು.

"ಯಾರೋ ಅದು ಕೋಳಿ ಥರ ಕೂಗೋನು? ತರಲೆ ಮಾಡಿದ್ರೆ ಮೇಡಂಗೆ ಹೇಳ್ತೀನಿ!"

ಒಂದು ದಪ್ಪ ಗಂಟಲು ಕೇಳಿತು: "ಇದು ಯಾವಾಗ ಹೊರಡೋದು?" ಹತ್ತನೇ ಕ್ಲಾಸಿನ ಹುಡುಗರಿಗೆ ಗಂಟಲು ಒಡೆಯುವ ವಯಸ್ಸಲ್ಲವೇ ಎಂದುಕೊಂಡ ಆವಲಪ್ಪ, "ಒಳ್ಳೇ ಪ್ರಶ್ನೆ! ಹತ್ತನೇ ಕ್ಲಾಸ್ ಮುಗಿದ ತಕ್ಷಣ ಹೊರಡ್ಬೇಕು. ತಡ ಮಾಡ್ಬಾರ್ದು" ಅಂದ.

"ಎಲ್ಲಿಗಂಟ ಹೋಗುತ್ತೆ?"

"ಡೆಲ್ಲಿಗಂಟ ಹೋಗ್ಬಹುದು! ಮನಸ್ಸು ಮಾಡ್ಬೇಕು ಅಷ್ಟೇ."

"ಅಯ್ಯೋ, ಡೆಲ್ಲಿ ಯಾಕಪ್ಪ? ಚಿಕ್ಕಬಳ್ಳಾಪುರ ಸಾಕು."

ಆವಲಪ್ಪನಿಗೆ ರೋಷವೇ ಬಂತು. "ಇದೇ! ಚಿಕ್ಕಬಳ್ಳಾಪುರ ಸಾಕು ಅನ್ನೋ ಈ ಬುದ್ಧಿನೇ ನಮ್ಮನ್ನ ಹಾಳು ಮಾಡಿದ್ದು! ದೊಡ್ಡದಾಗಿ ಆಸೆ ಪಡ್ರೋ!"

ಬಸ್ಸಿನ ತುಂಬ ಚಪ್ಪಾಳೆ ಬಿತ್ತು. ಇಂಥ ಚಪ್ಪಾಳೆ ಅವನ ಮದುವೆಯಲ್ಲೂ ಬಿದ್ದಿರಲಿಲ್ಲ. ಧೈರ್ಯ ಉಕ್ಕಿ, ಮೊದಲ ಸಲ ಹಿಂದಕ್ಕೆ ತಿರುಗಿದ.

ಒಂದು ಯೂನಿಫಾರ್ಮೂ ಕಾಣಲಿಲ್ಲ. ಸೊಪ್ಪಿನ ಮೂಟೆಗಳು, ಚೀಲಗಳು, ಸೀಟು ತುಂಬ ಹೆಂಗಸರು. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೋಳಿ ಇಟ್ಟುಕೊಂಡ ಮುದುಕ ವೆಂಕಟರವಣಪ್ಪ. ಆವಲಪ್ಪ ಹಾರ್ನ್ ಹೊಡೆಯುತ್ತಿದ್ದಾಗಲೇ ಊಟದ ಬೆಲ್ ಆಗಿ, ಮಕ್ಕಳು ಹಿಂದಿನ ಬಾಗಿಲಿಂದ ಇಳಿದು ಓಡಿದ್ದವು. ಅಷ್ಟು ಹಾರ್ನ್ ಕೇಳಿದ ಮೇಲೆ ಬಸ್ಸು ಹೊರಟೇಬಿಟ್ಟಿತೆಂದು ಊರವರು ಓಡಿಬಂದು ಹತ್ತಿದ್ದರು.

"ಬೋ ಚೆನ್ನಾಗ್ ಮಾತಾಡ್ದೆ ಕಣಪ್ಪ" ಅಂದ ವೆಂಕಟರವಣಪ್ಪ. "ನನ್ ಮೊಮ್ಮಗನ್ನ ಡ್ರೈವರ್ ಮಾಡಣ ಅಂತಿದ್ದೆ. ಡ್ರೈವರ್ ಆದ್ರೆ ತಲೆ ಹಿಂಗಾಗುತ್ತೆ ಅಂತ ಗೊತ್ತಾಯ್ತು, ಬಿಟ್ಬಿಟ್ಟೆ. ಈಗ್ಲಾದ್ರೂ ಗಾಡಿ ಎತ್ತು."

ಎದುರಿಗೆ ಮತ್ತೆ ಮುಖಗಳು. ಆವಲಪ್ಪ ಮುಂದಕ್ಕೆ ತಿರುಗಿ, ಭಾಷಣವಂತೂ ಮುಗಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಕೀಲಿಗೆ ಕೈ ಹಾಕಿದ.

ಕಿಟಕಿಯ ಕೆಳಗೆ ರೂಪ ಮೇಡಂ ಪ್ರತ್ಯಕ್ಷರಾದರು. ಪಕ್ಕದಲ್ಲಿ ನೆಲ ನೋಡುತ್ತ ಹರಿತಾ.

"ಮಕ್ಕಳದ್ದು ಊಟ ಆಯ್ತು, ಬನ್ನಿ ಸಾರ್. ಹಾರ್ನ್ ತನಕ ಹೇಳಿದ್ರಂತೆ, ಅಲ್ಲಿಂದ ಮುಂದುವರಿಸಿ. ಈ ಸಲ ಹಾಲ್‌ನಲ್ಲೇ ಮಾಡಣ, ವಿಡಿಯೋ ತೆಗೆದು ಮೇಲಿನೋರಿಗೆ ಕಳಿಸ್ಬೇಕು. ಸ್ವಲ್ಪ ಮುಖ ಕಾಣೋ ಹಂಗೆ ನಿಂತ್ಕೊಳ್ಳಿ."

ಆವಲಪ್ಪ ಸಹಾಯಕ್ಕಾಗಿ ಪ್ರಯಾಣಿಕರ ಕಡೆ ನೋಡಿದ. ವೆಂಕಟರವಣಪ್ಪ ಆಗಲೇ ಕೋಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದಿದ್ದ.

"ನಡೀರಮ್ಮ ಎಲ್ರೂ, ಹಾಲ್‌ಗೆ ಹೋಗಿ ಕೂರಣ. ಹೆಂಗೂ ಗಾಡಿ ಎತ್ತೋನು ಇವ್ನೇ ತಾನೆ? ಮಿಕ್ಕಿದ್ದೂ ಕೇಳ್ಬಿಡಣ."